ಸಿಂಪರಣಾ ಯಂತ್ರದ ಬ್ಯಾಟರಿ: ಮನೆಯಲ್ಲೇ ಪರೀಕ್ಷಿಸುವ ಸುಲಭ ಸಾಧನ

ತೊಗರಿ ಹೂ ಬಿಟ್ಟು ಕಾಯಿಕೊರಕ ಹುಳು ಕಾಣಿಸಿಕೊಂಡಾಗ ಸಿಂಪರಣೆಯನ್ನು ಮುಂದೂಡುವಂತಿಲ್ಲ. ಅಂಥ ದಿನವೇ ಬ್ಯಾಟರಿ ಚಾಲಿತ ಸಿಂಪರಣಾ ಯಂತ್ರವು ಎರಡು ಟ್ಯಾಂಕಿಗೇ ನಿಂತುಹೋದರೆ ಕೂಲಿಯೂ ನಷ್ಟ, ಬೆಳೆಯೂ ನಷ್ಟ. ದೋಷವು ಬ್ಯಾಟರಿಯದೋ, ಚಾರ್ಜರಿನದೋ, ಪಂಪಿನದೋ ತಿಳಿಯದೆ ಹಣ ವ್ಯಯಿಸುವವರೂ ಉಂಟು. ಹಂಗಾಮಿಗೆ ಮೊದಲೇ ಪರೀಕ್ಷಿಸಿಕೊಂಡರೆ ಈ ತೊಂದರೆ ತಪ್ಪುವುದು.

ಬ್ಯಾಟರಿಯನ್ನು ಬರಿದೇ ಅಳೆದರೆ ಸಾಲದು. ಹಳೆಯ ಬ್ಯಾಟರಿಯೂ ಕೆಲಸವಿಲ್ಲದಾಗ 12.5 ವೋಲ್ಟ್ ತೋರಿಸೀತು. ಒಳಗಿನ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತಿದ್ದರೆ, ಭಾರ ಬಿದ್ದೊಡನೆ ವೋಲ್ಟೇಜು ಕುಸಿಯುತ್ತದೆ. ಆದ್ದರಿಂದ ಭಾರ ಕೊಟ್ಟೇ ನೋಡಬೇಕು.

ಬೇಕಾಗುವ ಸಾಮಗ್ರಿಗಳು

1. 12 ವೋಲ್ಟ್, 21 ವ್ಯಾಟಿನ ವಾಹನದ ಇಂಡಿಕೇಟರ್ ಬಲ್ಬು ಮತ್ತು ಹೋಲ್ಡರ್
2. 5 ಆಂಪಿಯರ್ ಫ್ಯೂಸು, ಒಂದು ಸ್ವಿಚ್ಚು
3. ಕೆಂಪು, ಕಪ್ಪು ತಂತಿ, ಎರಡು ಕ್ಲಿಪ್ಪು
4. ಡಿಜಿಟಲ್ ಮಲ್ಟಿಮೀಟರು
5. ಚಿಕ್ಕ ಮರದ ಹಲಗೆ

ತಯಾರಿಸುವ ವಿಧಾನ

ಹಲಗೆಯ ಮೇಲೆ ಹೋಲ್ಡರನ್ನೂ ಸ್ವಿಚ್ಚನ್ನೂ ಕೂರಿಸಿ. ಕೆಂಪು ಕ್ಲಿಪ್ಪಿನಿಂದ ಫ್ಯೂಸಿಗೆ, ಅಲ್ಲಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಬಲ್ಬಿಗೆ, ಬಲ್ಬಿನಿಂದ ಕಪ್ಪು ಕ್ಲಿಪ್ಪಿಗೆ ತಂತಿ ಜೋಡಿಸಿ. ಫ್ಯೂಸು ಕೆಂಪು ಕ್ಲಿಪ್ಪಿಗೆ ಹತ್ತಿರವಿರಲಿ.

ಪರೀಕ್ಷೆ

ಬ್ಯಾಟರಿಯನ್ನು ಪೂರ್ತಿ ಚಾರ್ಜು ಮಾಡಿ, ಎರಡು ಮೂರು ಗಂಟೆ ಸುಮ್ಮನೆ ಬಿಡಿ. ಮೀಟರನ್ನು ಡಿ.ಸಿ. 20 ವೋಲ್ಟಿಗೆ ಇಟ್ಟು ಬ್ಯಾಟರಿಯ ತುದಿಗಳಲ್ಲೇ ಅಳೆಯಿರಿ. 12.6ಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು. 10.5ರ ಆಸುಪಾಸಿನಲ್ಲಿದ್ದರೆ ಆರು ಕೋಶಗಳಲ್ಲಿ ಒಂದು ಸತ್ತಿರುವ ಸಂಭವ ಹೆಚ್ಚು.

ಅನಂತರ ಸ್ವಿಚ್ಚು ಹಾಕಿ ಐದು ನಿಮಿಷ ಬಲ್ಬು ಉರಿಸಿ. ವೋಲ್ಟೇಜು 12ರ ಮೇಲೆ ನಿಂತರೆ ಬ್ಯಾಟರಿ ಗಟ್ಟಿ, 11.5ಕ್ಕಿಂತ ಕೆಳಗಿಳಿದರೆ ಸೊರಗಿದೆ ಎಂದು ತಿಳಿಯಿರಿ.

ಹಂಗಾಮಿಗೊಮ್ಮೆ ಬಲ್ಬನ್ನು ಉರಿಯಬಿಟ್ಟು, ವೋಲ್ಟೇಜು 10.5ಕ್ಕೆ ಬರುವವರೆಗಿನ ಕಾಲವನ್ನು ಬರೆದಿಡಿ. ಬಲ್ಬು ಎಳೆಯುವುದು ಸುಮಾರು 1.75 ಆಂಪಿಯರ್. 8 ಆಂಪಿಯರ್-ಗಂಟೆಯ ಹೊಸ ಬ್ಯಾಟರಿ ಮೂರೂವರೆ ಗಂಟೆಯಷ್ಟು ಉರಿಸಬೇಕು. ಎರಡು ಗಂಟೆಯೂ ಬಾರದಿದ್ದರೆ ಬದಲಿಸುವುದು ಲೇಸು. ಪರೀಕ್ಷೆ ಮುಗಿದ ಕೂಡಲೇ ಮತ್ತೆ ಚಾರ್ಜು ಮಾಡತಕ್ಕದ್ದು.

ಚಾರ್ಜರ್ ಹಾಕಿದಾಗ ಬ್ಯಾಟರಿಯ ತುದಿಗಳಲ್ಲಿ ವೋಲ್ಟೇಜು ಏರದಿದ್ದರೆ ಮೊದಲು ಚಾರ್ಜರನ್ನೂ ಅದರ ತಂತಿಯನ್ನೂ ನೋಡಿ. ಬ್ಯಾಟರಿ ಪರೀಕ್ಷೆಯಲ್ಲಿ ಗೆದ್ದರೂ ಯಂತ್ರ ನಿಂತರೆ ಪಂಪು, ಸೋಸುಬಲೆ, ತಂತಿಗಳನ್ನು ಪರೀಕ್ಷಿಸಿ.

ಎಚ್ಚರಿಕೆ

ಸ್ವಿಚ್ಚು ಆರಿಸಿಯೇ ಕ್ಲಿಪ್ಪು ಹಾಕಿ, ಆರಿಸಿಯೇ ತೆಗೆಯಿರಿ. ಚಾರ್ಜಾಗುವಾಗ ಜಲಜನಕ ಅನಿಲ ಹೊರಬರಬಹುದು. ಬೀಡಿ, ದೀಪ ಹತ್ತಿರ ಬೇಡ. ಬಲ್ಬು ಬಹಳ ಬಿಸಿಯಾಗುವುದು, ಮುಟ್ಟಬೇಡಿ. ಮೇಲಿನ ಅಂಕಿಗಳು ಸೀಸ-ಆಮ್ಲ ಬ್ಯಾಟರಿಗೆ ಮಾತ್ರ. ಲಿಥಿಯಂ ಬ್ಯಾಟರಿಗೆ ಅನ್ವಯಿಸವು.

ಕೆಲಸವಿಲ್ಲದ ತಿಂಗಳುಗಳಲ್ಲಿಯೂ ತಿಂಗಳಿಗೊಮ್ಮೆ ಚಾರ್ಜು ಮಾಡಿ. ಖಾಲಿ ಇಟ್ಟ ಬ್ಯಾಟರಿ ಬೇಗ ಹಾಳಾಗುತ್ತದೆ. ಕೆಟ್ಟದ್ದನ್ನು ಹೊಲದ ಬದುವಿನಲ್ಲಿ ಎಸೆಯದೆ ಅಂಗಡಿಗೆ ಹಿಂದಿರುಗಿಸಿ. ಸೀಸವು ಮಣ್ಣಿಗೂ ಮಕ್ಕಳಿಗೂ ವಿಷ.