ತಗ್ಗು ಮೋಟಾರಿಗೆ ಏರುಹಲಗೆ

ಶನಿವಾರಸಂತೆಗೆ ಆ ಹೆಸರು ಹೇಗೆ ಬಂದಿತೆಂಬುದನ್ನು ಕೇಳುಗರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಕೊಡಗಿನ ಉತ್ತರದ ಅಂಚಿನಲ್ಲಿ, ಸೋಮವಾರಪೇಟೆಯ ತಾಲ್ಲೂಕಿಗೆ ಸೇರಿದ ಈ ಊರಿನಲ್ಲಿ ಸಂತೆ ಮುಗಿಯುವ ಹೊತ್ತಿಗೆ ಮೂಟೆಗಳನ್ನು ಲಾರಿಗೆ ಏರಿಸುವ ಆಳುಗಳನ್ನು ನೋಡುತ್ತ ನಿಂತರೆ, ನಾವು ಇಂದು ಹೇಳಹೊರಟಿರುವ ವಿಷಯದ ಮೊದಲನೆಯ ಪಾಠವು ಅಲ್ಲಿಯೇ ದೊರೆಯುತ್ತದೆ. ಎದೆಯೆತ್ತರದ ಲಾರಿಗೆ ಅವರು ಒಂದು ಉದ್ದನೆಯ ಹಲಗೆಯನ್ನು ಓರೆಯಾಗಿ ಒರಗಿಸಿ, ಹೊರೆ ಹೊತ್ತು ಅದರ ಮೇಲೆ ನಡೆದು ಹೋಗುತ್ತಾರೆ. ಹಲಗೆ ಗಿಡ್ಡವಾದರೆ ಏರು ಕಡಿದಾಗುತ್ತದೆ, ಉದ್ದವಾದರೆ ಸುಲಭವಾಗುತ್ತದೆ. ಭೌತಶಾಸ್ತ್ರದ ಪುಸ್ತಕಗಳಲ್ಲಿ ಓರೆತಲವೆಂದು ಕರೆಯುವುದು ಇದನ್ನೇ. ಮೋಟಾರುಗಾಡಿಯ ಮುಂಚಕ್ರಗಳನ್ನು ಏರಿಸಿ, ಅದರ ಅಡಿಯಲ್ಲಿ ಮಲಗಿ ಕೆಲಸ ಮಾಡುವುದಕ್ಕೋಸ್ಕರ ಬಳಸುವ ಓರೆತಲಕ್ಕೆ ಇಂಗ್ಲಿಷಿನಲ್ಲಿ ರ‍್ಯಾಂಪ್ ಎಂಬ ಹೆಸರಿದೆ. ಈ ಭಾಷಣದಲ್ಲಿ ನಾವು ಅದನ್ನು ಏರುಹಲಗೆಯೆಂದು ಕರೆಯೋಣ.

ಸಾಧಾರಣ ಮೋಟಾರಿಗೆ ಯಾವ ಏರುಹಲಗೆಯಾದರೂ ನಡೆಯುತ್ತದೆ. ತೊಡಕು ಬರುವುದು ತಗ್ಗು ಗಾಡಿಗಳಿಗೆ, ಎಂದರೆ ಇಬ್ಬರೇ ಕುಳಿತು ವೇಗದ ಸುಖಕ್ಕಾಗಿ ಓಡಿಸತಕ್ಕ ಸ್ಪೋರ್ಟ್ಸ್ ಕಾರುಗಳಿಗೆ. ಇಂತಹವು ಹೊರದೇಶದಿಂದಲೇ ಬರಬೇಕೆಂದಿಲ್ಲ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಸಂಸ್ಥೆಯವರು ಸ್ಯಾನ್ ಸ್ಟಾರ್ಮ್ ಎಂಬ ಇಬ್ಬರ ಗಾಡಿಯನ್ನು ಹೊರತಂದಿದ್ದರು. ಫ್ರಾನ್ಸಿನ ರೆನೊ ಸಂಸ್ಥೆಯ ಎಂಜಿನ್ ಅದಕ್ಕೆ, ಮೈಯೆಲ್ಲ ಫೈಬರ್ ಗ್ಲಾಸ್. ಇಂತಹ ಗಾಡಿಗಳಿಗೆ ಬೇಕಾದ ರಿಪೇರಿಯವರು ದೊಡ್ಡ ಊರುಗಳಲ್ಲಿಯೂ ವಿರಳ, ನಮ್ಮ ಮಲೆನಾಡಿನಲ್ಲಂತೂ ಇಲ್ಲವೆಂದರೂ ಸಲ್ಲುತ್ತದೆ. ಆದುದರಿಂದ ಎಣ್ಣೆ ಬದಲಾಯಿಸುವುದು, ಸೈಲೆನ್ಸರನ್ನು ನೋಡುವುದು, ಎಲ್ಲಿ ಸೋರುತ್ತಿದೆಯೆಂದು ಹುಡುಕುವುದು ಮುಂತಾದ ಸಣ್ಣ ಕೆಲಸಗಳನ್ನು ಒಡೆಯನೇ ಮಾಡಿಕೊಳ್ಳಬೇಕಾಗುತ್ತದೆ.

ಹಾಗಾದರೆ ಗರಾಜಿನವರಂತೆ ನೆಲದಲ್ಲಿ ಒಂದು ಗುಂಡಿ ತೋಡಿ, ಅದರ ಮೇಲೆ ಗಾಡಿ ನಿಲ್ಲಿಸಿದರಾಗದೆ ಎಂದು ಕೆಲವರು ಕೇಳುವುದುಂಟು. ಬಯಲುಸೀಮೆಯಲ್ಲಿ ಆದೀತು. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಗುಂಡಿಯೆಂಬುದು ಬಾವಿಯಾಗಿರುತ್ತದೆ, ಮಳೆ ನಿಂತ ಮೇಲೂ ಒಸರು ನಿಲ್ಲುವುದಿಲ್ಲ. ಅದಕ್ಕಿಂತ ಮುಖ್ಯವಾದ ಕಾರಣವೊಂದಿದೆ. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದು. ಅದು ಹರಿದು ಬಂದು ಗುಂಡಿಯ ತಳದಲ್ಲಿ ಕಣ್ಣಿಗೆ ಕಾಣದಂತೆ ತುಂಬಿಕೊಳ್ಳುತ್ತದೆ. ಒಂದು ಕಿಡಿ ಸಾಕು. ಮನೆಯ ಮಟ್ಟಿಗೆ ಗುಂಡಿಗಿಂತ ಏರುಹಲಗೆಯೇ ಮೇಲು.

ಇನ್ನು ತಗ್ಗು ಗಾಡಿಯ ತೊಡಕನ್ನು ನೋಡೋಣ. ಚಕ್ರವು ಏರುಹಲಗೆಯನ್ನು ಮುಟ್ಟುವುದಕ್ಕೆ ಮೊದಲೇ ಗಾಡಿಯ ಮೂತಿಯು ಅದಕ್ಕೆ ಬಡಿಯುತ್ತದೆ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮುಂಚಕ್ರದ ನಡುವಿನಿಂದ ಮೂತಿಯ ತುದಿಗೆ 30 ಅಂಗುಲ, ಆ ತುದಿಯ ಅಡಿಯಿಂದ ನೆಲಕ್ಕೆ ನಾಲ್ಕು ಮುಕ್ಕಾಲು ಅಂಗುಲ ಎಂದಿಟ್ಟುಕೊಳ್ಳಿ. ಅಂಗಡಿಯಲ್ಲಿ ದೊರೆಯುವ ಉಕ್ಕಿನ ಏರುಹಲಗೆಗಳಲ್ಲಿ ಅನೇಕವು ಮೂರಕ್ಕೆ ಒಂದರ ಸುಮಾರಿಗೆ ಏರುತ್ತವೆ. ಎಂದರೆ ಮೂರು ಅಂಗುಲ ಮುಂದೆ ಹೋದರೆ ಒಂದು ಅಂಗುಲ ಮೇಲೆ. 30 ಅಂಗುಲದ ಮುಂಚಾಚಿನ ಕೆಳಗೆ ಅಂತಹ ಹಲಗೆಯು ಹತ್ತು ಅಂಗುಲದ ಹತ್ತಿರ ಎದ್ದಿರಬೇಕು, ಇರುವ ಜಾಗವೋ ನಾಲ್ಕು ಮುಕ್ಕಾಲು. ಆರಕ್ಕೆ ಒಂದರ ಏರಿನಲ್ಲಿಯೂ 5 ಅಂಗುಲವಾಗಿ ಮೂತಿ ತಾಗುತ್ತದೆ. ಏಳಕ್ಕೆ ಒಂದಾದರೆ ನಾಲ್ಕೂಕಾಲಕ್ಕೆ ಇಳಿದು, ಅರ್ಧ ಅಂಗುಲದಲ್ಲಿ ತಪ್ಪಿಸಿಕೊಳ್ಳುತ್ತದೆ. ಎಂಟಕ್ಕೆ ಒಂದಾದರೆ ಒಂದು ಅಂಗುಲ ಉಳಿಯುತ್ತದೆ, ನಿಶ್ಚಿಂತೆ. ಟೈರಿನ ಗುಂಡಗಿನ ಆಕಾರದಿಂದಾಗಿ ನಿಜವಾದ ಲೆಕ್ಕವು ಇದಕ್ಕಿಂತ ಅತ್ಯಲ್ಪವಾಗಿ ನಮಗೆ ಅನುಕೂಲವಾಗಿಯೇ ಇರುವುದರಿಂದ, ಕಾಗದದ ಮೇಲೆ ಇಷ್ಟು ಭಾಗಾಕಾರ ಮಾಡಿದರೆ ಸಾಕು. ಅತ್ಯಂತ ಇಕ್ಕಟ್ಟಾದ ಗಳಿಗೆಯು ಚಕ್ರವು ಹಲಗೆಯನ್ನು ಮೊದಲು ಮುಟ್ಟುವಾಗಲೇ ಎಂಬುದನ್ನೂ ಗಮನಿಸಬೇಕು. ಚಕ್ರ ಏರತೊಡಗಿದೊಡನೆ ಮೂತಿಯು ಚಕ್ರಕ್ಕಿಂತಲೂ ಹೆಚ್ಚಾಗಿ ಮೇಲೇಳುತ್ತದೆ. ಮೊದಲ ಹೆಜ್ಜೆಯಲ್ಲಿ ತಾಗದಿದ್ದುದು ಮುಂದೆ ತಾಗುವುದಿಲ್ಲ.

ಎಂಟಕ್ಕೆ ಒಂದರಂತೆ 8 ಅಂಗುಲ ಏರಬೇಕಾದರೆ ಓರೆಯ ಭಾಗವೇ 64 ಅಂಗುಲ, ಐದಡಿಗೆ ಮಿಕ್ಕಿದುದು. ಅಷ್ಟುದ್ದದ ಉಕ್ಕಿನ ಸಾಧನವನ್ನು ಕೊಂಡರೆ ಹಣ ಹೆಚ್ಚು, ನಮ್ಮ ಮಳೆಗೆ ತುಕ್ಕೂ ಹೆಚ್ಚು. ಕೊಳ್ಳುವವರು ಬೆಸುಗೆಗಳನ್ನು ಒಂದೊಂದಾಗಿ ನೋಡಬೇಕು, ಮತ್ತು ಅದರ ಮೇಲೆ ಬರೆದಿರುವ ತೂಕವು ಒಂದಕ್ಕೋ ಜೋಡಿಗೋ ಎಂಬುದನ್ನು ಕೇಳಿ ತಿಳಿಯಬೇಕು. ಜೋಡಿಯ ಲೆಕ್ಕವನ್ನು ಒಂದರದೆಂದು ಓದಿಕೊಂಡರೆ ನಂಬಿದ ಬಲದ ಅರ್ಧವೇ ಉಳಿಯುತ್ತದೆ. ಪ್ಲಾಸ್ಟಿಕ್ಕಿನವು ಹಗುರ, ಆದರೆ ನಯವಾದ ನೆಲದ ಮೇಲೆ ಜಾರುವುದರಲ್ಲಿ ಮುಂದು.

ನಮ್ಮ ಅಭಿಪ್ರಾಯದಲ್ಲಿ ಕಾಫಿಸೀಮೆಯವರಿಗೆ ಮರದ ಏರುಹಲಗೆಯೇ ಸರಿ. ತೋಟದಲ್ಲಿ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್ ಎಲ್ಲೆಲ್ಲಿಯೂ ಇದೆ. ಹಲಸು ಸಿಕ್ಕಿದರೆ ಇನ್ನೂ ಬಾಳಿಕೆ, ಮತ್ತಿ ಹೊನ್ನೆಗಳಾದರೆ ಹೇಳುವುದೇ ಬೇಡ, ಎತ್ತುವಾಗ ಮಾತ್ರ ಸೊಂಟ ಗಟ್ಟಿಯಿರಬೇಕು. ಒಂದೂವರೆ ಅಂಗುಲ ದಪ್ಪ, 10 ಅಂಗುಲ ಅಗಲದ ಹಲಗೆಗಳನ್ನು ಬಡಗಿಯಿಂದ 74, 60, 46, 32, 18 ಅಂಗುಲಗಳ ಐದು ತುಂಡುಗಳಾಗಿ ಕೊಯ್ಯಿಸಿ, ಮುಂದಿನ ತುದಿಗಳನ್ನು ಸಮನಾಗಿಟ್ಟು ಒಂದರ ಮೇಲೊಂದು ಪೇರಿಸಿದರೆ, 14 ಅಂಗುಲಕ್ಕೊಂದು ಮೆಟ್ಟಿಲಾಗಿ, ಏಳೂವರೆ ಅಂಗುಲದ ಎತ್ತರ ಸಿದ್ಧವಾಗುತ್ತದೆ. ಒಂದೂವರೆ ಅಂಗುಲದ ಮೆಟ್ಟಿಲನ್ನು ಟೈರು ಲಕ್ಷ್ಯಕ್ಕೇ ತಾರದೆ ಏರುತ್ತದೆ. ಮೇಲೆ ಹೇಳಿದ ಗಾಡಿಯ ಚಕ್ರ ಮೊದಲನೆಯ ಹಲಗೆಗೆ ತಾಗಿದಾಗ ಅದರ ಮೂತಿಯ ಕೆಳಗೆ ಎರಡೇ ಹಲಗೆಗಳಿರುತ್ತವೆ, ಎಂದರೆ 3 ಅಂಗುಲ. ಒಂದು ಮುಕ್ಕಾಲು ಅಂಗುಲದ ಅವಕಾಶ ಉಳಿಯಿತು. ನೇರವಾದ ಓರೆಗಿಂತ ಈ ಮೆಟ್ಟಿಲಿನ ಉಪಾಯವು ತಗ್ಗು ಗಾಡಿಗೆ ಹೆಚ್ಚು ಒಗ್ಗುತ್ತದೆ. ಹಲಗೆಗಳನ್ನು ಮೊಳೆ ಹೊಡೆದು ಸೇರಿಸದೆ ತಿರುಪಿನ ಮೊಳೆಗಳಿಂದ ಬಿಗಿಯಬೇಕು. ಮೇಲಿನ 18 ಅಂಗುಲದ ಹಲಗೆಯ ಮುಂತುದಿಗೆ 2 ಅಂಗುಲ ಎತ್ತರದ ಅಡ್ಡಪಟ್ಟಿಯೊಂದನ್ನು ಬೋಲ್ಟು ಹಾಕಿ ಕೂಡಿಸಬೇಕು. ಇಲ್ಲದಿದ್ದರೆ ಗಾಡಿ ಏರಿದ ಹುಮ್ಮಸ್ಸಿನಲ್ಲಿಯೇ ಆಚೆಗೆ ಇಳಿದೀತು.

ಮರವು ಇಷ್ಟು ಭಾರವನ್ನು ತಡೆದೀತೇ ಎಂಬ ಸಂದೇಹ ಅನೇಕರಿಗೆ. ಟೈರಿನೊಳಗಿನ ಗಾಳಿಯ ಒತ್ತಡ ಚದರ ಅಂಗುಲಕ್ಕೆ 30 ಪೌಂಡುಗಳಾದರೆ, ಟೈರು ನೆಲವನ್ನು ಒತ್ತುವುದೂ ಹೆಚ್ಚುಕಡಿಮೆ ಅಷ್ಟೇ ಒತ್ತಡದಿಂದ. ಗಟ್ಟಿಯಾದ ಯಾವ ಮರವಾದರೂ ಅದರ ಹತ್ತರಷ್ಟನ್ನು ಸಹಿಸುತ್ತದೆ. ಆದರೆ ಒಂದು ನಿಬಂಧನೆ: ಹಲಗೆಯ ಕೆಳಗೆ ಎಲ್ಲಿಯೂ ಪೊಳ್ಳಿರಕೂಡದು. ಎರಡು ತುದಿಗೆ ಮಾತ್ರ ಆಧಾರವಿಟ್ಟು ನಡುವೆ ಬರಿದು ಬಿಟ್ಟರೆ ಅದು ಸೇತುವೆಯಾಗುತ್ತದೆ, ಬಾಗುತ್ತದೆ, ಒಂದು ದಿನ ಮುರಿಯುತ್ತದೆ.

ಕಲ್ಲು, ಇಟ್ಟಿಗೆ, ಸಿಮೆಂಟಿನ ಪೊಳ್ಳು ಬ್ಲಾಕು ಇವುಗಳ ಸಂಗತಿಯೇ ಬೇರೆ. ಇದನ್ನು ನಾವು ಪುಸ್ತಕದಿಂದ ಕಲಿತವರಲ್ಲ. ಕೆಲವು ವರ್ಷಗಳ ಹಿಂದೆ, ರಜೆಗೆ ಊರಿಗೆ ಬಂದಿದ್ದಾಗ, ಬೇಲಿಗೋಡೆ ಕಟ್ಟಿ ಮಿಕ್ಕಿದ್ದ ನಾಲ್ಕು ಬ್ಲಾಕುಗಳನ್ನು ಜೋಡಿಸಿ, ಎದುರಿಗೆ ಹಲಗೆ ಒರಗಿಸಿ, ನಮ್ಮ ತಗ್ಗು ಗಾಡಿಯನ್ನು ಏರಿಸಿದೆವು. ಏರಿತು. ನಾವು ಅದರ ಅಡಿಯಲ್ಲಿ ಮಲಗಿ ಎಣ್ಣೆಯ ಬಿರಡೆಯನ್ನು ಸಡಿಲಿಸತೊಡಗಿದ್ದೆವು. ಅಷ್ಟರಲ್ಲಿ ತಾಯಿಯವರು ಕಾಫಿ ಆರುತ್ತದೆಯೆಂದು ಎರಡನೆಯ ಸಲ ಕೂಗಿದರು. ಮನಸ್ಸಿಲ್ಲದ ಮನಸ್ಸಿನಿಂದ ಎದ್ದು ಹೋದೆವು. ಲೋಟ ಇನ್ನೂ ಕೈಯಲ್ಲಿತ್ತು, ಹೊರಗೆ ತೆಂಗಿನಕಾಯಿ ಒಡೆದಂತಹ ಸದ್ದಾಯಿತು. ಹೋಗಿ ನೋಡಿದರೆ ಒಂದು ಬ್ಲಾಕು ಸೀಳಿ ಎರಡಾಗಿತ್ತು. ಗಾಡಿ ಒಂದು ಮಗ್ಗುಲಿಗೆ ಕುಸಿದು, ನಮ್ಮ ಎದೆಯಿದ್ದ ಜಾಗದಲ್ಲಿ ಅದರ ಸೈಲೆನ್ಸರು ನೆಲಕ್ಕೆ ಒತ್ತಿಕೊಂಡಿತ್ತು. ತಾಯಿಯವರಿಗೆ ಇಂದಿಗೂ ಈ ಸಂಗತಿಯನ್ನು ಪೂರ್ತಿಯಾಗಿ ಹೇಳಿಲ್ಲ.

ಸಿಮೆಂಟಿನ ಬ್ಲಾಕು ಸಮನಾದ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಗೋಡೆಯಲ್ಲಿ ಅದರ ಕೆಲಸವೇ ಅದು. ಅಂಚಿನ ಮೇಲೆ ಭಾರ ಬಿದ್ದರೆ, ಅಥವಾ ಅಡಿಯಲ್ಲಿ ಒಂದು ಹರಳು ಸಿಕ್ಕಿ ಓರೆಯಾದರೆ, ಎಳೆತವುಂಟಾಗಿ ಮುನ್ಸೂಚನೆಯೇ ಇಲ್ಲದೆ ಸೀಳುತ್ತದೆ. ಮರವು ಹಾಗಲ್ಲ. ನರಳುತ್ತದೆ, ಬಾಗುತ್ತದೆ, ನಾರು ಬಿಡುತ್ತದೆ, ಕೆಳಗಿರುವವನಿಗೆ ಹೊರಳಿ ಬರಲು ಎಷ್ಟೋ ವೇಳೆ ಅವಕಾಶ ಕೊಡುತ್ತದೆ.

ನೆಲದ ವಿಚಾರವನ್ನೂ ಹೇಳಬೇಕು. ನಮ್ಮ ಅಂಗಳದ ಮಣ್ಣು ಮಳೆಗಾಲದಲ್ಲಿ ಬೆಣ್ಣೆಯಂತೆ, ಒಂದು ಕಡೆಯ ಹಲಗೆ ಇಳಿದು ಗಾಡಿ ವಾಲುತ್ತದೆ. ಕಾಫಿ ಒಣಗಿಸುವ ಸಿಮೆಂಟಿನ ಕಣಕ್ಕಿಂತ ಒಳ್ಳೆಯ ಜಾಗ ಮತ್ತೊಂದಿಲ್ಲ, ಕೊಯ್ಲಿನ ಕಾಲದಲ್ಲಿ ಮಾತ್ರ ಮನೆಯವರ ಅಪ್ಪಣೆ ಬೇಕು. ಕಣದ ಮೇಲೆ ಪಾಚಿ ಕಟ್ಟಿದ್ದರೆ ಉಜ್ಜಿ ತೊಳೆದು ಒಣಗಿಸಬೇಕು, ಏರುಹಲಗೆಯ ಅಡಿಗೆ ಹಳೆಯ ಟ್ಯೂಬಿನ ರಬ್ಬರನ್ನು ಬಡಿಯಬೇಕು. ಏಕೆಂದರೆ ಹಲಗೆ ಜಾರುವುದುಂಟು. ಎಂಜಿನ್ ಹಿಂಚಕ್ರಗಳನ್ನು ತಿರುಗಿಸುವ ಗಾಡಿಯಾದರೆ ಮುಂಚಕ್ರವು ಹಲಗೆಯನ್ನು ಮುಂದಕ್ಕೆ ನೂಕುತ್ತದೆ. ಮುಂಚಕ್ರಗಳೇ ತಿರುಗುವ ಗಾಡಿಯಾದರೆ ಹಲಗೆಯನ್ನು ಹಿಂದಕ್ಕೆ, ಗಾಡಿಯ ಹೊಟ್ಟೆಯ ಕಡೆಗೆ, ಒದೆಯುತ್ತದೆ. ದಾರಿ ತೋರಿಸುವುದಕ್ಕೆ ನಿಂತವರು ಮಗ್ಗುಲಿಗೆ ನಿಲ್ಲಬೇಕು, ಎದುರಿಗೆ ನಿಲ್ಲಲೇಕೂಡದು.

ಗಾಡಿ ಏರಿ ನಿಂತ ಮೇಲೆ ಕೈಬ್ರೇಕು ಎಳೆದು, ಗೇರಿನಲ್ಲಿ ಬಿಟ್ಟು, ಹಿಂಚಕ್ರಗಳ ಹಿಂದೆ ಮರದ ಬೆಣೆಗಳನ್ನು ಬಿಗಿಯಾಗಿ ಕೊಡಬೇಕು. ಅನಂತರ ಬಾಗಿಲ ಬಳಿ ನಿಂತು ಗಾಡಿಯನ್ನು ಚೆನ್ನಾಗಿ ಅಲುಗಿಸಿ, ಅರ್ಧ ಗಂಟೆ ಹಾಗೆಯೇ ಬಿಟ್ಟು ಬರಬೇಕು. ಕಾಫಿ ಕುಡಿಯುವುದಕ್ಕೆ ಅದು ತಕ್ಕ ಸಮಯ. ಸೈಲೆನ್ಸರೂ ಅಷ್ಟರಲ್ಲಿ ತಣಿದಿರುತ್ತದೆ.

ಏರುಹಲಗೆಯಿಂದ ಆಗದ ಕೆಲಸಗಳೂ ಇವೆ. ಚಕ್ರವೇ ಹಲಗೆಯ ಮೇಲೆ ಕುಳಿತಿರುವುದರಿಂದ ಅದನ್ನು ಬಿಚ್ಚುವಂತಿಲ್ಲ, ಬ್ರೇಕಿನ ಕೆಲಸ ಸಾಧ್ಯವಿಲ್ಲ. ಅದಕ್ಕೆ ಜಾಕಿಯಿಂದ ಎತ್ತಿ, ಗಾಡಿ ಮಾಡಿದವರು ತೋರಿಸಿದ ಜಾಗದಲ್ಲಿ ಉಕ್ಕಿನ ಸ್ಟ್ಯಾಂಡುಗಳನ್ನು ಕೊಡಬೇಕು. ಫೈಬರ್ ಗ್ಲಾಸಿನ ಮೈಗೆ ಜಾಕಿ ಕೊಟ್ಟರೆ ಮೈಯೇ ಒಡೆಯುತ್ತದೆ. ಜಾಕಿಯೊಂದನ್ನೇ ನಂಬಿ ಅಡಿಗೆ ಹೋಗುವುದಂತೂ ಯಾವ ಕಾಲಕ್ಕೂ ಸಲ್ಲದು, ಅದರೊಳಗಿನ ಒಂದು ಸಣ್ಣ ರಬ್ಬರು ಬಿರಿದರೆ ಭಾರವೆಲ್ಲ ಕ್ಷಣದಲ್ಲಿ ಇಳಿಯುತ್ತದೆ. ತಗ್ಗು ಗಾಡಿಯಲ್ಲಿ ಇನ್ನೊಂದು ಪೇಚೆಂದರೆ ಸಾಧಾರಣ ಜಾಕಿ ಅದರ ಅಡಿಗೆ ತೂರುವುದೇ ಇಲ್ಲ. ಚಕ್ರಗಳನ್ನು ಎರಡು ಹಲಗೆಗಳ ಎತ್ತರಕ್ಕೆ ಏರಿಸಿದರೆ ಎಷ್ಟೋ ವೇಳೆ ಆ 3 ಅಂಗುಲವೇ ಸಾಕಾಗುತ್ತದೆ. ಎಣ್ಣೆಯ ಮಟ್ಟವನ್ನು ಮಾತ್ರ ಗಾಡಿ ಇಳಿದು ಸಮನೆಲದ ಮೇಲೆ ನಿಂತ ಮೇಲೆಯೇ ನೋಡಬೇಕು, ಮೂತಿ ಮೇಲಾಗಿ ನಿಂತ ಗಾಡಿಯಲ್ಲಿ ಅಳತೆಯ ಕಡ್ಡಿ ಸುಳ್ಳು ಹೇಳುತ್ತದೆ. ಗೇರುಪೆಟ್ಟಿಗೆಗೆ ಎಣ್ಣೆ ತುಂಬುವಾಗಲೂ ಹೀಗೆಯೇ, ನಾಲ್ಕು ಚಕ್ರಗಳೂ ಒಂದೇ ಮಟ್ಟದಲ್ಲಿರಬೇಕು.

ಸಿಲ್ವರ್ ಓಕಿನಲ್ಲಿ ಮಾಡಿಸಿದರೆ ಒಂದೊಂದು ಏರುಹಲಗೆಯೂ 30 ಕಿಲೋ ಮೀರುತ್ತದೆ, ಇಬ್ಬರು ಹಿಡಿಯುವುದು ವಾಸಿ. ಗೆದ್ದಲಿಗೆ ಆ ಮರ ಬಲು ಪ್ರಿಯವಾದುದರಿಂದ ನೆಲಕ್ಕೆ ತಾಗದಂತೆ ಎರಡು ಕಲ್ಲುಗಳ ಮೇಲೆ ಎತ್ತಿಟ್ಟು, ಮಳೆಗಾಲಕ್ಕೆ ಮುಂಚೆ ಒಮ್ಮೆ ತಿರುಪುಗಳನ್ನು ಬಿಗಿದು, ಚಾಕುವಿನ ಮೊನೆಯಿಂದ ಅಂಚುಗಳನ್ನು ಚುಚ್ಚಿ ನೋಡಬೇಕು. ಮೊನೆ ಮೆತ್ತಗೆ ಒಳಕ್ಕಿಳಿದರೆ ಆ ಹಲಗೆಯನ್ನು ತೆಗೆದು ಬೇರೆಯದನ್ನು ಹಾಕಿಸತಕ್ಕದ್ದು. ನಮ್ಮ ಮನೆಯ ಜೋಡಿಯಲ್ಲಿ ಎಲ್ಲಕ್ಕಿಂತ ಕೆಳಗಿನ ಹಲಗೆಯೊಂದನ್ನು ಹೀಗೆ ಒಮ್ಮೆ ಬದಲಾಯಿಸಿದ್ದೇವೆ. ತೆಗೆದ ಹಲಗೆ ಸೌದೆಯಾಗಿ ಬಚ್ಚಲೊಲೆಗೆ ಹೋಯಿತು.