ಯಂತ್ರಕ್ಕೆ ಪಾಯಸ ಗೊತ್ತಿಲ್ಲ

ಹಬ್ಬದೂಟದಲ್ಲಿ ಎರಡು ಲೋಟ ಗಸಗಸೆ ಪಾಯಸ ಇಳಿಸಿ ಮಲಗಿದವರನ್ನು ಸಂಜೆಯವರೆಗೆ ಎಬ್ಬಿಸಬಾರದು ಎಂಬುದು ನಮ್ಮ ಮನೆಗಳ ಹಳೆಯ ತಮಾಷೆ. ಮೂತ್ರದಲ್ಲಿ ಮಾದಕವಸ್ತು ಹುಡುಕುವ ಪ್ರಯೋಗಾಲಯದ ಯಂತ್ರಕ್ಕೆ ಈ ತಮಾಷೆ ತಿಳಿಯದು. ಗಸಗಸೆ ಅಫೀಮು ಗಿಡದ ಬೀಜ. ಕಾಯಿಯ ಹಾಲು ಒಣಗಿ ಬೀಜದ ಮೈಗೆ ಅಂಟಿರುತ್ತದೆ. ಮಾರ್ಫಿನ್ ಇರುವುದು ಅದರಲ್ಲಿ. ತೊಳೆದು, ಹುರಿದು, ರುಬ್ಬಿದರೆ ಬಹುಪಾಲು ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ರಾಶಿಗಟ್ಟಲೆ ಮೂತ್ರ ಪರೀಕ್ಷಿಸುವ ಗರಜು ಬಿದ್ದದ್ದು 1971ರಲ್ಲಿ. ವಿಯೆಟ್ನಾಂನಲ್ಲಿ ಹೆರಾಯಿನ್ ಚಟ ಹತ್ತಿಸಿಕೊಂಡ ಅಮೆರಿಕದ ಸೈನಿಕರು ಊರಿಗೆ ಮರಳುವ ಮುನ್ನ ಪರೀಕ್ಷೆಯಲ್ಲಿ ಪಾಸಾಗಬೇಕೆಂದು ಸರ್ಕಾರ ಕಟ್ಟುಮಾಡಿತು. ಆ ಕಾರ್ಯಾಚರಣೆಗೆ ಬಿದ್ದ ಹೆಸರು 'ಗೋಲ್ಡನ್ ಫ್ಲೋ', ಅಂದರೆ ಬಂಗಾರದ ಹೊಳೆ! ಮರುವರ್ಷಗಳಲ್ಲೇ ಕ್ಯಾಲಿಫೋರ್ನಿಯಾದ ಸೈವಾ ಕಂಪನಿ 'ಎಮಿಟ್' ಎಂಬ ವಿಧಾನ ತಂದಿತು. ಇಂದಿನ ಆಟೊ ಅನಲೈಸರ್‌ಗಳಲ್ಲೂ ಅದೇ ಉಪಾಯ ಓಡುತ್ತಿದೆ.

ಅದು ಥೇಟ್ ಬಸ್ಸಿನ ಸೀಟಿನ ಕಥೆ. ಪ್ರತಿಕಾಯಗಳು ಸೀಟುಗಳು. ಕಿಣ್ವದ ಗಂಟು ಹೊತ್ತ ಮಾರ್ಫಿನ್ ಕಣಗಳನ್ನು ಯಂತ್ರವೇ ಒಳಗೆ ಬಿಡುತ್ತದೆ. ಮೂತ್ರದಲ್ಲಿ ಮಾರ್ಫಿನ್ ಇಲ್ಲವೋ, ಗಂಟಿನವರೆಲ್ಲ ಸೀಟು ಹಿಡಿದು ತೆಪ್ಪಗಾಗುತ್ತಾರೆ. ಇದ್ದರೆ ಅದು ಮೊದಲೇ ಟವೆಲ್ ಹಾಕಿರುತ್ತದೆ. ಸೀಟು ಸಿಗದ ಕಿಣ್ವ ಸುಮ್ಮನಿರದೆ ಕೆಲಸಕ್ಕಿಳಿಯುತ್ತದೆ. ಆ ಗದ್ದಲವನ್ನು ಯಂತ್ರ 340 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆಯುತ್ತದೆ. ಸೂಜಿ ಹೀರುತ್ತದೆ, ತಟ್ಟೆ ತಿರುಗುತ್ತದೆ, ನಿಮಿಷಗಳಲ್ಲಿ ಅಂಕಿ ಬರುತ್ತದೆ.

ಅಂಕಿ ಎಷ್ಟಿದ್ದರೆ ತಪ್ಪಿತಸ್ಥ? ಅದನ್ನು ತೀರ್ಮಾನಿಸುವವರು ಮನುಷ್ಯರೇ. ಅಮೆರಿಕದಲ್ಲಿ ಮಿಲಿಲೀಟರಿಗೆ 300 ನ್ಯಾನೊಗ್ರಾಂ ಇದ್ದ ಗೆರೆಗೆ ಗಸಗಸೆ ಬನ್ ತಿಂದವರೂ ಸಿಕ್ಕಿಬೀಳುತ್ತಿದ್ದರು. 1998ರಲ್ಲಿ ಅದನ್ನು 2,000ಕ್ಕೆ ಏರಿಸಿದರು. ನೆಗಡಿ ಮಾತ್ರೆ ನುಂಗಿದವರನ್ನು ಆಂಫೆಟಮಿನ್ ವ್ಯಸನಿಗಳೆಂದು ಯಂತ್ರ ಎಣಿಸಿದ್ದೂ ಉಂಟು. ಆದ್ದರಿಂದ ಅನುಮಾನ ಬಂದ ಸ್ಯಾಂಪಲ್ ಮಾಸ್ ಸ್ಪೆಕ್ಟ್ರೊಮೀಟರಿಗೆ ಹೋಗುತ್ತದೆ. ಅದು ಅಣುವನ್ನು ಚೂರು ಮಾಡಿ, ಚೂರುಗಳ ತೂಕದಿಂದ ಗುರುತು ಹಿಡಿಯುತ್ತದೆ.

ನೆಗಡಿ ಮಾತ್ರೆಯವರು ಇಲ್ಲಿ ಪಾರಾಗುತ್ತಾರೆ. ಗಸಗಸೆಯವರು ಇಲ್ಲ, ಏಕೆಂದರೆ ಅವರ ಮೂತ್ರದಲ್ಲಿರುವುದು ಅಪ್ಪಟ ಮಾರ್ಫಿನ್ನೇ! ಅವರನ್ನು ಬಿಡಿಸಲು, ಹೆರಾಯಿನ್ ಮೈಯಲ್ಲಿ ಮಾರ್ಫಿನ್ ಆಗಿ ಕರಗುವಾಗ ಮಾತ್ರ ಹುಟ್ಟುವ 6-ಅಸಿಟೈಲ್‌ಮಾರ್ಫಿನ್ ಇದೆಯೇ ಎಂದು ಹುಡುಕಬೇಕು. ಅದೋ ಒಂದು ದಿನವೂ ನಿಲ್ಲದ ಅತಿಥಿ.

ವಿಷದ ವಿಚಾರದಲ್ಲಿ ಈ ಯಂತ್ರ ಇನ್ನೂ ಬಡವ. ನಮ್ಮ ಹಳ್ಳಿಗಳಿಂದ ಆಸ್ಪತ್ರೆಗೆ ಬರುವ ಕೀಟನಾಶಕದ ಪ್ರಕರಣಗಳಿಗೆ ಸಾಮಾನ್ಯ ಡ್ರಗ್ ಪರೀಕ್ಷೆಯಲ್ಲಿ ಸೀಟೇ ಇಲ್ಲ. ಆರ್ಗನೊಫಾಸ್ಫರಸ್ ಕುಡಿದವರನ್ನು ಡಾಕ್ಟರು ಸೂಜಿಮೊನೆಯಷ್ಟಾದ ಕಣ್ಣಪಾಪೆ, ಬಾಯಿಯ ವಾಸನೆ, ರಕ್ತದ ಕೋಲಿನೆಸ್ಟರೇಸ್ ನೋಡಿ ಗುರುತಿಸಬೇಕು. ಸತ್ತವರ ವಿಸೆರಾ, ಅಂದರೆ ಒಳಾಂಗಗಳ ಮಾದರಿ, ಉಪ್ಪುನೀರಿನ ಬಾಟಲಿಯಲ್ಲಿ ಬೆಂಗಳೂರಿನ ಮಡಿವಾಳದಂಥ ವಿಧಿವಿಜ್ಞಾನ ಪ್ರಯೋಗಾಲಯದ ಹಾದಿ ಹಿಡಿಯುತ್ತದೆ.

ಅಂದಹಾಗೆ, ದುಬೈಗೆ ಹೊರಟ ಮಗನ ಸೂಟ್‌ಕೇಸಿಗೆ ಗಸಗಸೆ ಪೊಟ್ಟಣ ತುರುಕುವ ಅಮ್ಮಂದಿರಿಗೊಂದು ಮಾತು: ಅಲ್ಲಿ ಅದು ನಿಷಿದ್ಧ. ವಿಚಾರಣೆ ಮೂತ್ರದವರೆಗೆ ಹೋಗುವುದೇ ಇಲ್ಲ, ಸೂಟ್‌ಕೇಸಿನಲ್ಲೇ ಮುಗಿಯುತ್ತದೆ.