ನೀಲಿಯ ಸೂತ್ರ, ಚಂಪಾರಣ್‌ನ ಲೆಕ್ಕ

ಬರ್ಲಿನ್ನಿನ ಹುಡುಗ ಅಡಾಲ್ಫ್ ಬೇಯರ್ ತನ್ನ ಹದಿಮೂರನೆಯ ಹುಟ್ಟುಹಬ್ಬಕ್ಕೆ ಸಿಕ್ಕ ಎರಡು ಥೇಲರ್ ದುಡ್ಡಿನಲ್ಲಿ ಗಿಡದಿಂದ ತೆಗೆದ ನೀಲಿ (ಇಂಡಿಗೊ) ಬಣ್ಣದ ಗಟ್ಟಿಯೊಂದನ್ನು ಕೊಂಡ. ಆ ಬಣ್ಣದ ಹುಚ್ಚು ಮತ್ತೆ ಬಿಡಲಿಲ್ಲ. ರಸಾಯನಶಾಸ್ತ್ರಜ್ಞರಾದ ಮೇಲೆ, 1865ರಲ್ಲಿ ಅವರು ನೀಲಿಯ ಅಣುವಿನ ಬೆನ್ನು ಹತ್ತಿದರು. 1880ರಲ್ಲಿ ಗಿಡದ ಹಂಗಿಲ್ಲದೆ ಪ್ರಯೋಗಾಲಯದಲ್ಲೇ ನೀಲಿಯನ್ನು ತಯಾರಿಸಿದರು. 1883ರ ಹೊತ್ತಿಗೆ ಅದರ ರಚನೆಯೂ ತಿಳಿಯಿತು.

ಆಗ ಮಾರುಕಟ್ಟೆಯಲ್ಲಿದ್ದುದು ಗಿಡದ ನೀಲಿ. ಅದರ ದೊಡ್ಡ ಪಾಲು ಬ್ರಿಟಿಷ್ ಭಾರತದ್ದು. ಬಿಹಾರದ ತೋಟಗಳಲ್ಲಿ ಸೊಪ್ಪನ್ನು ತೊಟ್ಟಿಯಲ್ಲಿ ನೆನೆಹಾಕಿ ಹುಳಿಸುತ್ತಿದ್ದರು. ಎಲೆಯಲ್ಲಿರುವ ಇಂಡಿಕನ್ ಒಡೆದು ಇಂಡಾಕ್ಸಿಲ್ ಆಗುತ್ತಿತ್ತು. ಆ ನೀರನ್ನು ಇನ್ನೊಂದು ತೊಟ್ಟಿಗೆ ಹರಿಸಿ ಬಡಿದಾಗ ಗಾಳಿಯ ಆಮ್ಲಜನಕ ಸೇರಿ ಎರಡು ಇಂಡಾಕ್ಸಿಲ್ ಅಣುಗಳು ಒಂದಾಗಿ, ನೀಲಿ ತಳಕ್ಕೆ ಇಳಿಯುತ್ತಿತ್ತು.

ಬೇಯರ್ ದಾರಿಯಲ್ಲಿ ಬಣ್ಣ ಬಂತು, ಆದರೆ ಈ ಗಿಡದ ನೀಲಿಗೆ ಸಡ್ಡು ಹೊಡೆಯುವಷ್ಟು ಅಗ್ಗವಾಗಲಿಲ್ಲ. ಕಚ್ಚಾವಸ್ತುವೇ ದುಬಾರಿ. 1890ರಲ್ಲಿ ಜೂರಿಕ್‌ನ ಕಾರ್ಲ್ ಹಾಯ್‌ಮನ್ ಆಂಥ್ರನಿಲಿಕ್ ಆಮ್ಲದಿಂದ ನೀಲಿಗೆ ಹೋಗುವ ದಾರಿ ತೋರಿಸಿದರು. ಹಾಗಾದರೆ ಆ ಆಮ್ಲ ಅಗ್ಗವಾಗಿ ಎಲ್ಲಿ ಸಿಗಬೇಕು? ಲುಡ್‌ವಿಗ್ಸ್‌ಹಾಫೆನ್‌ನ ಬಿಎಎಸ್‌ಎಫ್ ಕಂಪನಿ ಕಲ್ಲಿದ್ದಲ ಡಾಂಬರಿನಲ್ಲಿ ರಾಶಿಗಟ್ಟಲೆ ಸಿಗುತ್ತಿದ್ದ ನ್ಯಾಫ್ತಲೀನಿನತ್ತ ನೋಡಿತು. ನ್ಯಾಫ್ತಲೀನನ್ನು ಥ್ಯಾಲಿಕ್ ಅನ್‌ಹೈಡ್ರೈಡ್ ಮಾಡಿಕೊಂಡರೆ ಅಲ್ಲಿಂದ ಮುಂದಿನ ದಾರಿ ಸಲೀಸು. ಆ ಮೊದಲ ಹೆಜ್ಜೆಯೇ ಕಗ್ಗಂಟಾಗಿತ್ತು. ಕಂಪನಿಯ ಯೂಜೆನ್ ಸಾಪರ್ ನ್ಯಾಫ್ತಲೀನನ್ನು ಹೊಗೆಯಾಡುವ ಗಂಧಕಾಮ್ಲದಲ್ಲಿ ಕಾಯಿಸುತ್ತಿದ್ದಾಗ ಥರ್ಮಾಮೀಟರ್ ಒಡೆದು ಪಾದರಸ ಸುರಿಯಿತು, ಕ್ರಿಯೆ ಥಟ್ಟನೆ ಚುರುಕಾಯಿತು ಎಂದು ರಸಾಯನಶಾಸ್ತ್ರದ ಚರಿತ್ರೆ ಹೇಳುತ್ತದೆ. ಪಾದರಸವೇ ವೇಗವರ್ಧಕ. 1897ರಲ್ಲಿ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂತು.

ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ಕತೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಆದರೆ ಈ ಆವಿಷ್ಕಾರದ ಬೆಲೆ ತೆತ್ತವರು ಅಲ್ಲಿಂದ ಸಾವಿರಾರು ಮೈಲಿ ದೂರದಲ್ಲಿದ್ದರು. ಗಿಡದ ನೀಲಿಯಲ್ಲಿ ಬಟ್ಟೆ ಚೆನ್ನಾಗಿ ಬಣ್ಣ ಹಿಡಿಯುತ್ತದೆ ಎಂದು ಬಿಹಾರದ ತೋಟದ ದೊರೆಗಳು ವಾದಿಸಿದರು. ತಾವೂ ರಸಾಯನಶಾಸ್ತ್ರಜ್ಞರನ್ನು ನೇಮಿಸಿಕೊಂಡು ಇಳುವರಿ ಹೆಚ್ಚಿಸಲು ಹೊರಟರು. ಬೆಲೆ ಕುಸಿಯುತ್ತಲೇ ಹೋಯಿತು. ಆಗ ಅವರು ನಷ್ಟವನ್ನು ರೈತರ ತಲೆಗೆ ಕಟ್ಟಿದರು.

ಬಿಹಾರದ ಚಂಪಾರಣ್ ಜಿಲ್ಲೆಯಲ್ಲಿ ತಿನ್‌ಕಠಿಯಾ ಪದ್ಧತಿಯಿತ್ತು. ಕಠಾ ಎಂದರೆ ನೆಲದ ಒಂದು ಅಳತೆ; ಗೇಣಿದಾರ ಪ್ರತಿ ಇಪ್ಪತ್ತು ಕಠಾದಲ್ಲಿ ಮೂರು ಕಠಾ ನೆಲಕ್ಕೆ ನೀಲಿಯನ್ನೇ ಹಾಕಬೇಕು. ನೀಲಿಯಿಂದ ಲಾಭವಿಲ್ಲವೆಂದಾದ ಮೇಲೆ ದೊರೆಗಳು ಆ ಕರಾರಿನಿಂದ ಬಿಡುಗಡೆ ಕೊಡುತ್ತೇವೆಂದರು. ಅದಕ್ಕೆ ಪ್ರತಿಯಾಗಿ ಗೇಣಿ ಏರಿಸಿದರು, ಇಲ್ಲವೇ ‘ತಾವಾನ್’ ಹೆಸರಿನಲ್ಲಿ ನಗದು ಕಿತ್ತುಕೊಂಡರು. ತನಗೆ ಬೇಡವೇ ಬೇಡವಾಗಿದ್ದ ಬೆಳೆಯನ್ನು ಬಿಡುವುದಕ್ಕೂ ರೈತ ದುಡ್ಡು ಕೊಡಬೇಕಾಯಿತು.

ಇದನ್ನು ಬಯಲಿಗೆ ತಂದದ್ದು ಇನ್ನೊಂದು ಬಗೆಯ ಸಂಶೋಧನೆ. ರೈತ ರಾಜ್‌ಕುಮಾರ್ ಶುಕ್ಲಾ ಬೆನ್ನುಬಿಡದೆ ಕರೆದದ್ದರಿಂದ ಗಾಂಧೀಜಿ 1917ರ ಏಪ್ರಿಲ್‌ನಲ್ಲಿ ಅಲ್ಲಿಗೆ ಹೋದರು. ಜಿಲ್ಲೆ ಬಿಟ್ಟು ತೊಲಗಬೇಕೆಂಬ ಸರಕಾರಿ ಆಜ್ಞೆಗೆ ಮಣಿಯಲಿಲ್ಲ. ರಾಜೇಂದ್ರ ಪ್ರಸಾದ್, ಬ್ರಜಕಿಶೋರ್ ಪ್ರಸಾದ್ ಮುಂತಾದ ವಕೀಲರು ಸಾವಿರಾರು ರೈತರ ಹೇಳಿಕೆಗಳನ್ನು ಪಾಟೀಸವಾಲು ಮಾಡಿ, ಪರೀಕ್ಷಿಸಿ ಬರೆದುಕೊಂಡರು. ಆ ದಾಖಲೆಗಳ ತೂಕಕ್ಕೆ ಸರಕಾರ ವಿಚಾರಣಾ ಸಮಿತಿ ನೇಮಿಸಿತು. 1918ರ ಕಾಯ್ದೆ ತಿನ್‌ಕಠಿಯಾವನ್ನು ರದ್ದುಮಾಡಿತು.

ಬೇಯರ್‌ಗೆ 1905ರಲ್ಲಿ ನೊಬೆಲ್ ಬಂತು. ಅವರ ದುಡಿಮೆಗೆ ಅದು ಸಲ್ಲತಕ್ಕದ್ದೇ. ಆದರೆ ಕೃತಕ ನೀಲಿ ಬಂದಿತೆಂದು ಚಂಪಾರಣ್‌ನ ರೈತ ತಾನಾಗಿ ಬಿಡುಗಡೆ ಹೊಂದಲಿಲ್ಲ. ನೀಲಿಯ ಹಿಡಿತದಿಂದ ಅವನನ್ನು ಬಿಡಿಸಲು ಇಪ್ಪತ್ತು ವರ್ಷಗಳ ಸಂಕಟದ ಮೇಲೆ ಒಂದು ಸತ್ಯಾಗ್ರಹವೇ ಬೇಕಾಯಿತು. ಹೊಸ ವಸ್ತುವೊಂದನ್ನು ಕಂಡುಹಿಡಿದಾಗ ಹಳೆಯ ವಸ್ತುವನ್ನೇ ನಂಬಿದವರ ನಷ್ಟ ಯಾರ ಪಾಲಿಗೆ ಬಿತ್ತು ಎಂಬ ಲೆಕ್ಕವೂ ಆ ಆವಿಷ್ಕಾರದ ಚರಿತ್ರೆಯಲ್ಲಿ ಸೇರಬೇಕು. ನಮ್ಮ ವಿಜ್ಞಾನದ ಪಾಠಗಳಲ್ಲಿ ನೀಲಿಯ ಅಣುರಚನೆಯ ಪಕ್ಕದಲ್ಲೇ ತಾವಾನ್‌ನ ವಿಷಯವೂ ಬರಬೇಕೆಂದು ನಾನು ಒತ್ತಾಯಿಸುವುದು ಅದಕ್ಕಾಗಿಯೇ.